ಹೋವರ್ಡಿನ ವಕೀಲರು

ಕನ್ನಡ ರಾಜ್ಯೋತ್ಸವದ ಸಂಚಿಕೆಯಲ್ಲಿ ಅಮೇರಿಕದ ಒಂದು ವಿದ್ಯಾಪೀಠದ ಕಥೆಯೇಕೆ ಎಂದು ವಾಚಕರು ಕೇಳಿದರೆ ತಪ್ಪಿಲ್ಲ. ನಮ್ಮ ಉತ್ತರ ಮೈಸೂರಿನಿಂದಲೇ ಆರಂಭವಾಗುತ್ತದೆ. 1937ರ ಜನವರಿಯಲ್ಲಿ ಮೈಸೂರು ನಗರದಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಜಾಗತಿಕ ಸಮ್ಮೇಳನ ಸೇರಿತ್ತು. ಅದಕ್ಕೆ ಬಂದ ಪ್ರತಿನಿಧಿಗಳಲ್ಲಿ ಬೆಂಜಮಿನ್ ಮೇಸ್ ಎಂಬ ಕಪ್ಪು ವರ್ಣದ ಅಮೇರಿಕನ್ ವಿದ್ವಾಂಸರೊಬ್ಬರು. ಗುಲಾಮರಾಗಿ ಹುಟ್ಟಿದ ತಂದೆತಾಯಿಗಳ ಮಗ. ಷಿಕಾಗೋ ವಿಶ್ವವಿದ್ಯಾನಿಲಯದ ಡಾಕ್ಟರ್. ಆಗ ವಾಷಿಂಗ್ಟನ್ ನಗರದ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಾಧ್ಯಯನ ಶಾಖೆಯ ಮುಖ್ಯಸ್ಥರು. ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ಮಾತನಾಡಿಕೊಂಡೇ ಅವರು ಮೈಸೂರಿಗೆ ಬಂದಿದ್ದರು.

ಹತ್ತಿರದ ಹಳ್ಳಿಯೊಂದರಲ್ಲಿ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರ ಮಕ್ಕಳಿಗಾಗಿ ಒಂದು ಶಾಲೆಯಿತ್ತು. ಅದರ ಮುಖ್ಯೋಪಾಧ್ಯಾಯರು ಮೇಸ್ ಅವರನ್ನು ಕರೆದೊಯ್ದು ಮಕ್ಕಳ ಮುಂದೆ ನಿಲ್ಲಿಸಿದರು. ಇವರು ಅಮೇರಿಕದ ಅಸ್ಪೃಶ್ಯರು, ಆದರೂ ಇಷ್ಟು ದೊಡ್ಡ ಪದವಿಗೆ ಏರಿದ್ದಾರೆ ಎಂದು ಪರಿಚಯ ಮಾಡಿಕೊಟ್ಟರು. ಆ ಮಾತು ಕೇಳಿ ಮೇಸ್ ಅವರಿಗೆ ಮೊದಲು ಕೋಪ ಬಂತಂತೆ. ಮರುಕ್ಷಣದಲ್ಲಿ ಯೋಚಿಸಿದರೆ, ಮುಖ್ಯೋಪಾಧ್ಯಾಯರು ಹೇಳಿದ್ದು ಅಕ್ಷರಶಃ ನಿಜ. ತಮ್ಮ ದೇಶದ ದಕ್ಷಿಣ ಭಾಗದಲ್ಲಿ ಅವರಿಗೆ ಬಿಳಿಯರ ರೈಲುಡಬ್ಬಿಯಿಲ್ಲ, ಬಿಳಿಯರ ಹೋಟೆಲಿಲ್ಲ, ಬಿಳಿಯರ ಶಾಲೆಯಿಲ್ಲ. ಈ ಪ್ರಸಂಗವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮ ಹಳ್ಳಿಯ ಒಬ್ಬ ಉಪಾಧ್ಯಾಯ, ಹೆಸರು ಯಾರಿಗೂ ನೆನಪಿಲ್ಲ, ಎರಡು ಖಂಡಗಳ ಎರಡು ಪಾಪಗಳನ್ನು ಒಂದೇ ಮಾತಿನಲ್ಲಿ ತೂಗಿ ತೋರಿಸಿದ್ದು ನಮಗೆ ಸಣ್ಣ ಸಂಗತಿಯೆಂದು ತೋರುವುದಿಲ್ಲ.

ಮೇಸ್ ಅವರು ಆಗ ಪಾಠ ಹೇಳುತ್ತಿದ್ದ ಹೋವರ್ಡಿನಲ್ಲಿಯೇ ಅದೇ ವರ್ಷಗಳಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಅಲ್ಲಿಯ ಕಾನೂನು ಶಾಲೆಯಲ್ಲಿ ಕಲಿತ ಬೆರಳೆಣಿಕೆಯ ಹುಡುಗರು ಅಮೇರಿಕದ ಪಂಕ್ತಿಭೇದದ ಕಾನೂನನ್ನೇ ಮುರಿಯಲು ಸಿದ್ಧರಾಗುತ್ತಿದ್ದರು. ಈ ಲೇಖನ ಮುಖ್ಯವಾಗಿ ಅವರದು.

ಮೊದಲು ಒಂದು ಸಣ್ಣ ಎಚ್ಚರಿಕೆ. ಹಾರ್ವರ್ಡ್ ಬೇರೆ, ಹೋವರ್ಡ್ ಬೇರೆ. ನಮ್ಮ ಕಿವಿಗೆ ಎರಡೂ ಒಂದೇ ಎನಿಸಿದರೂ ಒಂದು ಶ್ರೀಮಂತರ ಪುರಾತನ ವಿದ್ಯಾಪೀಠ, ಇನ್ನೊಂದು ಬಿಡುಗಡೆ ಹೊಂದಿದ ಗುಲಾಮರ ಸಲುವಾಗಿ ಎದ್ದದ್ದು. ಅಂತರ್ಯುದ್ಧಕ್ಕೆ ಮುಂಚೆ ಅಮೇರಿಕದ ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದೇ ಅಪರಾಧವಾಗಿತ್ತು. 1865ರಲ್ಲಿ ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಎರಡೇ ವರ್ಷದಲ್ಲಿ, 1867ರ ಮಾರ್ಚ್ 2ರಂದು, ವಾಷಿಂಗ್ಟನ್ನಿನ ಗುಡ್ಡವೊಂದರ ಮೇಲೆ ಈ ವಿಶ್ವವಿದ್ಯಾನಿಲಯ ಸ್ಥಾಪನೆಗೆ ಅಮೇರಿಕದ ಸಂಸತ್ತು ಸನ್ನದು ಕೊಟ್ಟಿತು. ಬಿಡುಗಡೆ ಹೊಂದಿದವರ ಯೋಗಕ್ಷೇಮ ನೋಡುವ ಇಲಾಖೆಯ ಮುಖ್ಯಸ್ಥರಾಗಿದ್ದ ಜನರಲ್ ಆಲಿವರ್ ಹೋವರ್ಡ್ ಎಂಬ ಬಿಳಿಯ ಸೇನಾನಿಯ ಹೆಸರನ್ನು ಇದಕ್ಕಿಟ್ಟರು. ಬಾಗಿಲು ಎಲ್ಲ ವರ್ಣದವರಿಗೂ, ಸ್ತ್ರೀಪುರುಷರಿಬ್ಬರಿಗೂ ತೆರೆದಿತ್ತು. ಕಾನೂನು ಶಾಲೆ 1869ರಲ್ಲಿ ಪ್ರಾರಂಭವಾಯಿತು. 1872ರಲ್ಲಿ ಅಲ್ಲಿಂದ ಹೊರಬಿದ್ದ ಷಾರ್ಲಟ್ ರೇ ಅಮೇರಿಕದ ಮೊಟ್ಟಮೊದಲ ಕಪ್ಪು ವಕೀಲೆ. ಇಷ್ಟೆಲ್ಲ ಆದರೂ ವಿಶ್ವವಿದ್ಯಾನಿಲಯದ ಅಧ್ಯಕ್ಷ ಪೀಠದಲ್ಲಿ ಕಪ್ಪು ವರ್ಣದವರೊಬ್ಬರು ಕುಳಿತದ್ದು 1926ರಲ್ಲಿ, ಮಾರ್ಡೆಕಾಯ್ ಜಾನ್ಸನ್ ಬಂದಾಗ. ಸ್ಥಾಪನೆಯಾಗಿ 59 ವರ್ಷಗಳ ತರುವಾಯ!

ಆ ಕಾಲಕ್ಕೆ ಕಾನೂನು ಶಾಲೆ ಸಂಜೆಯ ಶಾಲೆಯಾಗಿತ್ತು. ಹಗಲು ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರೋ ಜವಾನರೋ ಆಗಿ ದುಡಿದವರು ಸಂಜೆ ಬಂದು ಪುಸ್ತಕ ಬಿಡಿಸುತ್ತಿದ್ದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದ ಹಿರಿಯರು ಮುಂಬಯಿಯ ನಮ್ಮ ಸಂಘಗಳಲ್ಲಿ ಬಹಳ ಮಂದಿ ಇದ್ದರು; ಅವರನ್ನು ಕಂಡವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ.

ಈ ಸಂಜೆಯ ಶಾಲೆಯನ್ನು ಮುಚ್ಚಿಸಿದವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಅವರು ಹೋವರ್ಡಿನ ಪದವೀಧರರಲ್ಲ. ಹಾರ್ವರ್ಡಿನಲ್ಲಿ ಕಾನೂನು ಓದಿ ಅಲ್ಲಿಯ ಕಾನೂನು ಪತ್ರಿಕೆಯ ಸಂಪಾದಕ ಮಂಡಲಿಗೆ ಆಯ್ಕೆಯಾದ ಮೊದಲ ಕಪ್ಪು ವಿದ್ಯಾರ್ಥಿ. ಆದರೆ ಅವರ ತಂದೆ ವಿಲಿಯಂ ಹ್ಯೂಸ್ಟನ್, ಸರ್ಕಾರಿ ಗುಮಾಸ್ತೆಯ ಕೆಲಸ ಮಾಡುತ್ತಲೇ ಇದೇ ಹೋವರ್ಡಿನ ಸಂಜೆಯ ತರಗತಿಗಳಲ್ಲಿ ಕಲಿತು ವಕೀಲರಾದವರು. ಮೊದಲ ಮಹಾಯುದ್ಧದಲ್ಲಿ ಸೈನ್ಯಾಧಿಕಾರಿಯಾಗಿದ್ದ ಮಗ ಅಲ್ಲಿ ತನ್ನ ದೇಶದ ಬಿಳಿಯ ಸೈನಿಕರಿಂದಲೇ ಪಟ್ಟ ಅವಮಾನವನ್ನು ಮರೆಯದೆ, ಬದುಕಿ ಹಿಂದಿರುಗಿದರೆ ಕಾನೂನು ಕಲಿತು ಹೋರಾಡುವೆನೆಂದು ನಿಶ್ಚಯಿಸಿಕೊಂಡಿದ್ದರು. 1929ರಲ್ಲಿ ಶಾಲೆಯ ಆಡಳಿತ ಅವರ ಕೈಗೆ ಬಂತು. ಸಂಜೆಯ ತರಗತಿಗಳನ್ನು ನಿಲ್ಲಿಸಿ ಪೂರ್ಣಕಾಲದ ಹಗಲು ಶಾಲೆ ಮಾಡಿದರು. ಪ್ರವೇಶದ ನಿಯಮಗಳನ್ನು ಬಿಗಿ ಮಾಡಿದರು. 1931ರಲ್ಲಿ ದೇಶದ ವಕೀಲರ ಸಂಘದ ಮಾನ್ಯತೆಯನ್ನೂ ಗಳಿಸಿದರು.

ಇದು ಸರಿಯಾಯಿತೇ? ನಾವು ಬಹಳ ಯೋಚಿಸಿದ್ದೇವೆ. ಹಗಲು ದುಡಿಯಲೇಬೇಕಾದವನಿಗೆ ಆ ಬಾಗಿಲು ಮುಚ್ಚಿತು; ಹ್ಯೂಸ್ಟನ್ನರ ತಂದೆಯಂಥವನೊಬ್ಬ 1931ರಲ್ಲಿ ಬಂದಿದ್ದರೆ ಹಿಂದಿರುಗಿ ಹೋಗಬೇಕಾಗಿತ್ತು. ಹಳೆಯ ವಿದ್ಯಾರ್ಥಿಗಳು ಸಿಟ್ಟಾದದ್ದು ಸಹಜವೇ. ಆದರೆ ಹ್ಯೂಸ್ಟನ್ನರಿಗೆ ಬೇಕಾಗಿದ್ದುದು ಮನೆಪತ್ರ ಬರೆದುಕೊಡುವ ವಕೀಲರಲ್ಲ. ದೇಶದ ಅತ್ಯುತ್ತಮ ವಕೀಲರೆದುರು ಸರ್ವೋಚ್ಚ ನ್ಯಾಯಾಲಯದಲ್ಲಿ ನಿಂತು ಒಂದು ಅಲ್ಪವಿರಾಮದ ತಪ್ಪೂ ಇಲ್ಲದೆ ವಾದಿಸಬಲ್ಲವರು ಬೇಕಾಗಿತ್ತು. ಬಿಳಿಯ ವಕೀಲ ತಪ್ಪಿದರೆ ಒಂದು ಮೊಕದ್ದಮೆ ಸೋಲುತ್ತದೆ, ಕಪ್ಪು ವಕೀಲ ತಪ್ಪಿದರೆ ಇಡೀ ಜನಾಂಗಕ್ಕೇ ಬುದ್ಧಿಯಿಲ್ಲವೆಂದು ಹೇಳುತ್ತಾರೆ ಎಂಬುದನ್ನು ಅವರು ಬಲ್ಲರು. ವಕೀಲನಾದವನು ಸಮಾಜವನ್ನು ತಿದ್ದಿ ಕಟ್ಟುವ ಎಂಜಿನಿಯರ್ ಆಗಬೇಕು, ಇಲ್ಲವಾದರೆ ಅವನು ಸಮಾಜದ ಮೈಮೇಲಿನ ಪರೋಪಜೀವಿ ಎಂಬುದು ಅವರ ಬೋಧನೆಯ ಸಾರ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರಿಗೆ ಕಬ್ಬಿಣದ ಬೂಟಿನವರೆಂದು ಹೆಸರಿಟ್ಟಿದ್ದರು. ಒಟ್ಟಿನಲ್ಲಿ ನಮ್ಮ ತೀರ್ಮಾನ ಅವರ ಕಡೆಗೇ ವಾಲುತ್ತದೆ, ಆದರೆ ಸುಲಭವಾಗಿ ಅಲ್ಲ.

ಈ ಕಬ್ಬಿಣದ ಬೂಟಿನ ಕೆಳಗೆ ಸಿಕ್ಕವರಲ್ಲಿ ಒಬ್ಬ ಥರ್ಗುಡ್ ಮಾರ್ಷಲ್. 1908ರಲ್ಲಿ ಬಾಲ್ಟಿಮೋರಿನಲ್ಲಿ ಜನನ. ತಂದೆ ರೈಲಿನ ಊಟದ ಡಬ್ಬಿಯಲ್ಲಿ ಬಡಿಸುವ ಕೆಲಸ ಮಾಡಿದವರು, ತಾಯಿ ಶಾಲಾ ಉಪಾಧ್ಯಾಯಿನಿ. ಮಾರ್ಷಲರ ಮನೆಯಿದ್ದ ಊರಿನಲ್ಲಿಯೇ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯಿತ್ತು. ಆದರೆ ಅಲ್ಲಿ ಕಪ್ಪು ವಿದ್ಯಾರ್ಥಿಗೆ ಪ್ರವೇಶವಿಲ್ಲ. ಹೀಗಾಗಿ ಪ್ರತಿದಿನ ಬೆಳಕು ಹರಿಯುವ ಮೊದಲೇ ಎದ್ದು ಸುಮಾರು 40 ಮೈಲಿ ದೂರದ ವಾಷಿಂಗ್ಟನ್ನಿಗೆ ರೈಲಿನಲ್ಲಿ ಹೋಗಿ ರಾತ್ರಿ ಹಿಂದಿರುಗಬೇಕು. ಫೀಜು ಕಟ್ಟಲು ತಾಯಿ ತಮ್ಮ ಮದುವೆಯ ಉಂಗುರಗಳನ್ನು ಒತ್ತೆಯಿಟ್ಟರು. ಈ ತಾಯಿಯ ವಿಷಯ ಓದುವಾಗ ನಮ್ಮಲ್ಲಿ ಯಾರಿಗೆ ತಮ್ಮ ಮನೆಯ ಬಳೆಯೋ ಸರವೋ ಮಾರವಾಡಿಯ ಅಂಗಡಿಗೆ ಹೋದದ್ದು ನೆನಪಾಗದು? 1933ರಲ್ಲಿ ಮಾರ್ಷಲ್ ತರಗತಿಗೆ ಮೊದಲಿಗನಾಗಿ ಉತ್ತೀರ್ಣರಾದರು. ಎರಡನೆಯವರು ಆಲಿವರ್ ಹಿಲ್. ಅವರ ಹೆಸರನ್ನೂ ವಾಚಕರು ನೆನಪಿನಲ್ಲಿಡಬೇಕು.

ಇವರು ಎದುರಿಸಬೇಕಾಗಿದ್ದ ಕೋಟೆ ಯಾವುದೆಂದು ಈಗ ನೋಡೋಣ. 1896ರಲ್ಲಿ ಹೋಮರ್ ಪ್ಲೆಸ್ಸಿ ಎಂಬವನ ಮೊಕದ್ದಮೆಯಲ್ಲಿ, ರೈಲಿನಲ್ಲಿ ಕಪ್ಪು ಜನರನ್ನು ಬೇರೆ ಡಬ್ಬಿಯಲ್ಲಿ ಕೂರಿಸಬಹುದು, ಡಬ್ಬಿಗಳು ಸಮಾನವಾಗಿದ್ದರೆ ಸಾಕು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಬೇರೆಯಾದರೂ ಸಮಾನ ಎಂಬ ಈ ಸೂತ್ರದ ನೆರಳಿನಲ್ಲಿ ದಕ್ಷಿಣದ ಸಂಸ್ಥಾನಗಳು ಶಾಲೆ, ಆಸ್ಪತ್ರೆ, ನೀರಿನ ನಲ್ಲಿ, ಕಡೆಗೆ ಸ್ಮಶಾನವನ್ನೂ ಬೇರೆ ಮಾಡಿದವು. ಬೇರೆ ಎಂಬುದನ್ನು ಎಲ್ಲರೂ ಪಾಲಿಸಿದರು. ಸಮಾನ ಎಂಬುದನ್ನು ಯಾರೂ ಪಾಲಿಸಲಿಲ್ಲ. ಹ್ಯೂಸ್ಟನ್ ಸ್ವತಃ ಚಲನಚಿತ್ರದ ಕ್ಯಾಮೆರಾ ಹಿಡಿದು ದಕ್ಷಿಣ ಕ್ಯಾರೊಲೈನಾದಲ್ಲಿ ತಿರುಗಿ ಎರಡು ಬಗೆಯ ಶಾಲೆಗಳ ಚಿತ್ರ ತೆಗೆದು ತಂದರು.

ಕೋಟೆಯ ಹೆಬ್ಬಾಗಿಲಿಗೆ ಅವರು ತಲೆ ಹೊಡೆದುಕೊಳ್ಳಲಿಲ್ಲ. ಸಮಾನ ಎಂದಿರಲ್ಲ, ಹಾಗಾದರೆ ಸಮಾನ ಮಾಡಿ ತೋರಿಸಿ ಎಂದು ಕೇಳುವುದೇ ಅವರ ಉಪಾಯ. ಮೊದಲು ಪ್ರಾಥಮಿಕ ಶಾಲೆಗಳನ್ನು ಮುಟ್ಟದೆ ಕಾನೂನು ಶಾಲೆಗಳನ್ನೇ ಆರಿಸಿಕೊಂಡರು. ನ್ಯಾಯಾಧೀಶರಿಗೆ ಬೇರೇನು ತಿಳಿಯದಿದ್ದರೂ ಒಳ್ಳೆಯ ಕಾನೂನು ಶಾಲೆ ಯಾವುದೆಂಬುದು ತಿಳಿಯುತ್ತದೆ. ಒಬ್ಬಿಬ್ಬರು ವಿದ್ಯಾರ್ಥಿಗಳಿಗಾಗಿ ಪ್ರತಿಯೊಂದು ಸಂಸ್ಥಾನವೂ ಎರಡನೆಯ ಕಾನೂನು ಶಾಲೆ ಕಟ್ಟುವುದಾದರೆ ಬೊಕ್ಕಸ ಬರಿದಾಗುತ್ತದೆ. ಕೆಲಸ ನಿಧಾನ, ಆದರೆ ಪೆಟ್ಟು ಬುಡಕ್ಕೇ.

ಮೊದಲ ಪೆಟ್ಟು ಬಿದ್ದದ್ದು ಮಾರ್ಷಲರನ್ನು ಹೊರಗಿಟ್ಟಿದ್ದ ಅದೇ ಮೇರಿಲ್ಯಾಂಡಿಗೆ. ಡೊನಾಲ್ಡ್ ಮರ್ರಿ ಎಂಬ ತರುಣನ ಪರವಾಗಿ ಗುರು ಶಿಷ್ಯರಿಬ್ಬರೂ ನಿಂತು ವಾದಿಸಿದರು. 1935ರ ಜೂನಿನಲ್ಲಿ ಅವನನ್ನು ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. 1936ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆ ಕಾನೂನು ಶಾಲೆಯ ಗ್ರಂಥಾಲಯಕ್ಕೆ ಈಗ ಥರ್ಗುಡ್ ಮಾರ್ಷಲರ ಹೆಸರಿದೆ. 1938ರಲ್ಲಿ ಮಿಸೌರಿಯ ಲಾಯ್ಡ್ ಗೇನ್ಸ್ ಎಂಬವನ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಬೇರೆ ಸಂಸ್ಥಾನಕ್ಕೆ ಹೋಗಿ ಓದು, ಫೀಜು ನಾವು ಕೊಡುತ್ತೇವೆ ಎಂದು ಮಿಸೌರಿ ಹೇಳಿತ್ತು. ಅದು ಸಾಲದು, ನಿಮ್ಮ ನೆಲದಲ್ಲಿಯೇ ವ್ಯವಸ್ಥೆ ಮಾಡಬೇಕು ಎಂದಿತು ನ್ಯಾಯಾಲಯ. ಗೆದ್ದ ಗೇನ್ಸ್ ಮಾತ್ರ ಶಾಲೆ ಸೇರಲಿಲ್ಲ. 1939ರ ಮಾರ್ಚಿನಲ್ಲಿ ಷಿಕಾಗೋ ನಗರದಲ್ಲಿ ಒಂದು ಸಂಜೆ ಹೊರಗೆ ಹೋದವನು ಮತ್ತೆ ಕಾಣಲಿಲ್ಲ. ಏನಾದನೆಂಬುದು ಪತ್ತೆಯಾಗಲೇ ಇಲ್ಲ.

ಗೇನ್ಸ್ ಮೊಕದ್ದಮೆಯ ಕಾಲದಲ್ಲಿಯೇ ಹೋವರ್ಡಿನಲ್ಲಿ ಒಂದು ಪದ್ಧತಿ ಹುಟ್ಟಿತು. ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವ ಮುನ್ನ ವಾದವನ್ನು ಕಾನೂನು ಶಾಲೆಯಲ್ಲಿಯೇ ಒಮ್ಮೆ ಪೂರ್ತಿ ನಡೆಸುವುದು. ಅಧ್ಯಾಪಕರು ನ್ಯಾಯಾಧೀಶರಾಗಿ ಕುಳಿತು ಕಟುವಾದ ಪ್ರಶ್ನೆಗಳನ್ನು ಎಸೆಯುವುದು. ವಿದ್ಯಾರ್ಥಿಗಳು ಸುತ್ತ ಕುಳಿತು ನೋಡುವುದು. ನಮ್ಮ ಯಕ್ಷಗಾನದವರು ತಾಳಮದ್ದಳೆಯಲ್ಲಿ ಅರ್ಥ ಹೇಳಿ ಹೇಳಿ ನಾಲಗೆ ಪಳಗಿಸಿಕೊಳ್ಳುವಂತೆ ಎನ್ನಬಹುದು. ಪ್ರಸಂಗ ಗೊತ್ತಿದ್ದರೂ ಎದುರಾಳಿಯ ಮಾತು ಎತ್ತ ತಿರುಗುವುದೋ ಗೊತ್ತಿಲ್ಲ.

1950ರ ಜೂನ್ 5ರಂದು ಎರಡು ತೀರ್ಪುಗಳು ಒಟ್ಟಿಗೆ ಬಂದವು. ಟೆಕ್ಸಾಸಿನ ಅಂಚೆಯ ಪೇದೆ ಹೀಮನ್ ಸ್ವೆಟ್ ಕಾನೂನು ಶಾಲೆಗೆ ಅರ್ಜಿ ಹಾಕಿದಾಗ, ಸಂಸ್ಥಾನವು ಆತನಿಗಾಗಿ ನೆಲಮಾಳಿಗೆಯ ಕೆಲವು ಕೋಣೆಗಳಲ್ಲಿ ಒಂದು ಕಾನೂನು ಶಾಲೆ ತೆರೆಯಿತು! ಒಕ್ಲಹೋಮದ ಜಾರ್ಜ್ ಮೆಕ್‌ಲಾರಿನ್ ಎಂಬ ವೃದ್ಧ ಅಧ್ಯಾಪಕರನ್ನು ಸೇರಿಸಿಕೊಂಡರೂ ತರಗತಿಯ ಪಕ್ಕದ ಕಿರುಕೋಣೆಯಲ್ಲಿ ಕೂರಿಸಿದರು. ಗ್ರಂಥಾಲಯದಲ್ಲಿ ಬೇರೆ ಮೇಜು, ಊಟದ ಮನೆಯಲ್ಲಿ ಬೇರೆ ಮೇಜು. ಜಗಲಿಯ ಮೇಲೆ ಬೇರೆ ಲೋಟ ಇಡುತ್ತಿದ್ದ ನಾಡಿನಿಂದ ಬಂದ ನಮಗೆ ಈ ಮೇಜಿನ ಅರ್ಥ ಬೇಗ ಹೊಳೆಯುತ್ತದೆ. ಎರಡರಲ್ಲಿಯೂ ಮಾರ್ಷಲರ ಪಕ್ಷ ಗೆದ್ದಿತು. ಹ್ಯೂಸ್ಟನ್ ಅದನ್ನು ನೋಡಲಿಲ್ಲ. ಆರು ವಾರಗಳ ಹಿಂದೆ, ಏಪ್ರಿಲ್ 22ರಂದು, 54ನೆಯ ವಯಸ್ಸಿನಲ್ಲಿ ಹೃದಯರೋಗದಿಂದ ತೀರಿಕೊಂಡಿದ್ದರು.

ಇದೆಲ್ಲ ಪುಸ್ತಕದ ಬಲದಿಂದ ಆದದ್ದೆಂದು ಯಾರೂ ತಿಳಿಯಬಾರದು. 1946ರ ನವೆಂಬರಿನಲ್ಲಿ ಟೆನೆಸ್ಸೀ ಸಂಸ್ಥಾನದ ಕೊಲಂಬಿಯಾ ಎಂಬ ಊರಿನಲ್ಲಿ ಒಂದು ಮೊಕದ್ದಮೆ ಮುಗಿಸಿ ಮಾರ್ಷಲ್ ಸಂಗಡಿಗರೊಡನೆ ಕಾರಿನಲ್ಲಿ ಹೊರಟಾಗ ಪೊಲೀಸರು ತಡೆದರು. ಕುಡಿದು ಕಾರು ನಡೆಸಿದಿರೆಂದು ಆರೋಪ ಹೊರಿಸಿ ಮಾರ್ಷಲರೊಬ್ಬರನ್ನೇ ತಮ್ಮ ಗಾಡಿಗೆ ಹಾಕಿಕೊಂಡು ನದಿಯ ಕಡೆಗೆ ತಿರುಗಿಸಿದರು. ಆ ಕಾಲದಲ್ಲಿ ಕಪ್ಪು ಮನುಷ್ಯನನ್ನು ನದಿಯ ಕಡೆಗೆ ಒಯ್ದರೆ ಅದರ ಅರ್ಥ ಮಕ್ಕಳಿಗೂ ಗೊತ್ತಿತ್ತು. ನೀವು ಹೋಗಿ ಎಂದು ಪೊಲೀಸರು ಗದರಿಸಿದರೂ ಹೋಗದೆ ಆ ಗಾಡಿಯ ಬೆನ್ನು ಹತ್ತಿದವರು ಅಲೆಕ್ಸಾಂಡರ್ ಲೂಬಿ ಎಂಬ ವಕೀಲರು. 1922ರ ಹೋವರ್ಡ್ ಪದವೀಧರರು. ಹಿಂದೆ ಕಾರು ಬರುತ್ತಿರುವುದನ್ನು ಕಂಡು ಪೊಲೀಸರು ಊರಿಗೆ ಹಿಂದಿರುಗಬೇಕಾಯಿತು. ಅಲ್ಲಿಯ ಮ್ಯಾಜಿಸ್ಟ್ರೇಟರು ಮಾರ್ಷಲರ ಬಾಯಿ ಮೂಸಿ ನೋಡಿ, ಈತ ಕುಡಿದಿಲ್ಲವೆಂದು ಬಿಟ್ಟುಬಿಟ್ಟರು. ಲೂಬಿಯವರ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಇರಲಿ, ಅಮೇರಿಕದ ಪುಸ್ತಕಗಳಲ್ಲಿಯೂ ಹೆಚ್ಚಾಗಿ ಕಾಣುವುದಿಲ್ಲ. ಅವರು ಆ ಸಂಜೆ ಹೇಳಿದಂತೆ ಕೇಳಿ ತಮ್ಮ ದಾರಿ ಹಿಡಿದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಮುಂದಿನ ಕಥೆಯೆಂದರೆ ಮಕ್ಕಳ ಶಾಲೆಗಳದು. ದಕ್ಷಿಣ ಕ್ಯಾರೊಲೈನಾ, ವರ್ಜೀನಿಯಾ, ಕ್ಯಾನ್ಸಸ್, ಡೆಲವೇರ್ ಮತ್ತು ವಾಷಿಂಗ್ಟನ್ ನಗರ, ಈ ಐದು ಕಡೆಯ ಮೊಕದ್ದಮೆಗಳು ಸರ್ವೋಚ್ಚ ನ್ಯಾಯಾಲಯದಲ್ಲಿ ಒಟ್ಟಿಗೆ ವಿಚಾರಣೆಗೆ ಬಂದವು. ಇವುಗಳಲ್ಲಿ ವರ್ಜೀನಿಯಾದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫಾರ್ಮ್‌ವಿಲ್ ಎಂಬ ಊರಿನಲ್ಲಿ ಕಪ್ಪು ಮಕ್ಕಳ ಪ್ರೌಢಶಾಲೆ 180 ಮಂದಿಗೆಂದು ಕಟ್ಟಿದ್ದು. ಕಲಿಯುತ್ತಿದ್ದವರು 450ಕ್ಕೂ ಹೆಚ್ಚು. ಉಳಿದವರಿಗೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಎಂಬ ಹುಡುಗಿ ಎಲ್ಲ ವಿದ್ಯಾರ್ಥಿಗಳನ್ನು ಸಭೆ ಸೇರಿಸಿ ಮುಷ್ಕರ ಹೂಡಿಸಿ, ರಿಚ್ಮಂಡಿನ ವಕೀಲರಿಗೆ ಕಾಗದ ಬರೆದಳು. ಆ ವಕೀಲರೇ 1933ರ ಆಲಿವರ್ ಹಿಲ್ ಮತ್ತು 1939ರ ಸ್ಪಾಟ್ಸ್‌ವುಡ್ ರಾಬಿನ್ಸನ್. ಮಕ್ಕಳಿಗೆ ಬುದ್ಧಿ ಹೇಳಿ ತರಗತಿಗೆ ಕಳುಹಿಸಿಬಿಡೋಣವೆಂದೇ ಇಬ್ಬರೂ ಹೋದರು. ಮಕ್ಕಳ ಧೈರ್ಯ ಕಂಡು ಹಾಗೆ ಹೇಳಲು ಬಾಯಿ ಬರಲಿಲ್ಲ. ಆದರೆ ಒಂದು ಷರತ್ತು ಹಾಕಿದರು: ಒಳ್ಳೆಯ ಕಟ್ಟಡಕ್ಕಾಗಿ ನಾವು ವಾದಿಸುವುದಿಲ್ಲ, ಬೇರೆ ಶಾಲೆಯೆಂಬುದೇ ಇರಕೂಡದೆಂದು ವಾದಿಸುವುದಾದರೆ, ನಿಮ್ಮ ತಂದೆತಾಯಿಗಳು ಒಪ್ಪುವುದಾದರೆ, ಬರುತ್ತೇವೆ. ತಂದೆತಾಯಿಗಳು ಒಪ್ಪಿದರು. ಒಕ್ಕಲುತನವೋ ಕೂಲಿಯೋ ಮಾಡಿ ಬಿಳಿಯ ಧಣಿಗಳ ಕೈಕೆಳಗೆ ಬದುಕುತ್ತಿದ್ದವರಿಗೆ ಒಪ್ಪುವುದು ಎಂದರೆ ಏನೆಂದು ತಿಳಿಯಬೇಕಾದರೆ ದಕ್ಷಿಣ ಕ್ಯಾರೊಲೈನಾದ ಹ್ಯಾರಿ ಬ್ರಿಗ್ಸ್ ಅವರನ್ನು ನೋಡಬೇಕು. ಅರ್ಜಿಗೆ ರುಜು ಹಾಕಿದ ತಪ್ಪಿಗೆ ಅವರು ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು. ಹೆಂಡತಿಯೂ ಕೆಲಸ ಕಳೆದುಕೊಂಡಳು.

ಆ ಕ್ಯಾರೊಲೈನಾದ ಮೊಕದ್ದಮೆಯಲ್ಲಿಯೇ ಗೊಂಬೆಗಳು ಬಂದದ್ದು. ಮೇಮೀ ಫಿಪ್ಸ್ ಎಂಬ ಹುಡುಗಿ 1934ರಲ್ಲಿ ಗಣಿತ ಓದಲೆಂದು ಹೋವರ್ಡಿಗೆ ಬಂದಿದ್ದಳು. ಅಲ್ಲಿಯ ಕೆನೆತ್ ಕ್ಲಾರ್ಕ್ ಎಂಬ ವಿದ್ಯಾರ್ಥಿ ಅವಳ ಮನಸ್ಸನ್ನು ಮನಶ್ಶಾಸ್ತ್ರಕ್ಕೆ ತಿರುಗಿಸಿದ, ಮದುವೆಯೂ ಆಯಿತು. 1938ರ ಬೇಸಿಗೆಯಲ್ಲಿ ಆಕೆ ಹ್ಯೂಸ್ಟನ್ನರ ತಂದೆಯ ವಕೀಲಿ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ದುಡಿದು, ಪಂಕ್ತಿಭೇದದ ಮೊಕದ್ದಮೆಗಳು ಹೇಗೆ ತಯಾರಾಗುತ್ತವೆಂಬುದನ್ನು ಕಣ್ಣಾರೆ ಕಂಡರು. ಕಪ್ಪು ಮಕ್ಕಳಿಗೆ ತಮ್ಮ ಬಣ್ಣದ ಅರಿವು ಯಾವಾಗ, ಹೇಗೆ ಮೂಡುತ್ತದೆಂಬುದೇ ಹೋವರ್ಡಿನಲ್ಲಿ ಅವರು ಎಂ.ಎ. ಪದವಿಗೆ ಬರೆದ ಪ್ರಬಂಧ. ದಂಪತಿಗಳು ಅದನ್ನು ಮುಂದುವರಿಸಿ, ಬಣ್ಣ ಹೊರತು ಎಲ್ಲದರಲ್ಲಿಯೂ ಒಂದೇ ಆಗಿರುವ ಗೊಂಬೆಗಳನ್ನು ಮಕ್ಕಳ ಮುಂದಿಟ್ಟು ಕೇಳಿದರು: ಒಳ್ಳೆಯ ಗೊಂಬೆ ಯಾವುದು? ಕೆಟ್ಟದ್ದು ಯಾವುದು? ನಿನ್ನ ಹಾಗಿರುವುದು ಯಾವುದು? 1951ರಲ್ಲಿ ಕೆನೆತ್ ಕ್ಲಾರ್ಕ್ ಈ ಗೊಂಬೆಗಳನ್ನು ಹೊತ್ತು ಕ್ಯಾರೊಲೈನಾದ ಕ್ಲಾರೆಂಡನ್ ಜಿಲ್ಲೆಗೆ ಹೋದರು. ಪರೀಕ್ಷಿಸಿದ 16 ಮಕ್ಕಳಲ್ಲಿ 10 ಮಂದಿ ಬಿಳಿಯ ಗೊಂಬೆಯೇ ಒಳ್ಳೆಯದೆಂದರು. ಮಾರ್ಷಲರ ಸಂಗಡಿಗರಲ್ಲೇ ಕೆಲವರು, ನ್ಯಾಯಾಲಯಕ್ಕೆ ಗೊಂಬೆ ಒಯ್ಯುವುದೇ ಎಂದು ನಕ್ಕರು. ಈ ಪರೀಕ್ಷೆ ಶಾಸ್ತ್ರೀಯವಾಗಿ ಎಷ್ಟು ಗಟ್ಟಿ ಎಂಬುದರ ಮೇಲೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಹೆಣ್ಣು ನೋಡಲು ಹೋದಾಗ ಬಣ್ಣ ಎಣ್ಣೆಗೆಂಪೋ ಸಾದಗಪ್ಪೋ ಎಂದು ಪಿಸುಗುಟ್ಟುವ ನಮ್ಮ ಮನೆಗಳಲ್ಲಿ ಆ ಗೊಂಬೆಗಳನ್ನು ಇಟ್ಟು ಕೇಳಿದರೆ ಬರುವ ಉತ್ತರವನ್ನು ಊಹಿಸಲು ನಮಗೆ ಧೈರ್ಯವಿಲ್ಲ.

1952ರ ಡಿಸೆಂಬರಿನಲ್ಲಿ ಒಮ್ಮೆ, 1953ರ ಡಿಸೆಂಬರಿನಲ್ಲಿ ಮತ್ತೊಮ್ಮೆ ವಾದ ನಡೆಯಿತು. ಮಾರ್ಷಲ್, ರಾಬಿನ್ಸನ್, 1940ರ ರಾಬರ್ಟ್ ಕಾರ್ಟರ್, 1918ರ ಜಾರ್ಜ್ ಹೇಸ್, ಇವರೆಲ್ಲ ಹೋವರ್ಡಿನ ಕಾನೂನು ಪದವೀಧರರು. ಹೇಸರ ಜೊತೆ ನಿಂತ ಜೇಮ್ಸ್ ನೇಬ್ರಿಟ್ ಅಲ್ಲಿಯ ಪ್ರಾಧ್ಯಾಪಕರು. 1954ರ ಮೇ 17ರಂದು ಮುಖ್ಯ ನ್ಯಾಯಾಧೀಶ ಅರ್ಲ್ ವಾರೆನ್ ಓದಿದ ತೀರ್ಪಿನಲ್ಲಿ ಒಂಬತ್ತು ಮಂದಿಯೂ ಒಮ್ಮತದಿಂದ, ಶಾಲೆಗಳಲ್ಲಿ ಬೇರೆ ಎಂದರೇನೇ ಅಸಮಾನವೆಂದು ಸಾರಿದರು. 58 ವರ್ಷಗಳ ಸೂತ್ರ ಶಾಲೆಗಳ ಮಟ್ಟಿಗೆ ಅಂದಿಗೆ ಕಡಿಯಿತು.

ಇಲ್ಲಿಗೆ ಕಥೆ ಮುಗಿದರೆ ಚೆನ್ನಾಗಿತ್ತು. ಬಾರ್ಬರಾ ಜಾನ್ಸಳ ಜಿಲ್ಲೆಯವರು ಕಪ್ಪು ಮಕ್ಕಳೊಡನೆ ಬಿಳಿಯ ಮಕ್ಕಳನ್ನು ಕೂರಿಸುವುದಕ್ಕಿಂತ ಶಾಲೆಗಳನ್ನೇ ಮುಚ್ಚುವುದು ಲೇಸೆಂದು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಹಾಕಿದರು. ಬಿಳಿಯರು ಖಾಸಗಿ ಶಾಲೆ ಮಾಡಿಕೊಂಡರು. ಕಪ್ಪು ಮಕ್ಕಳು ಐದು ವರ್ಷ ಮನೆಯಲ್ಲಿ ಕುಳಿತರು, ಇಲ್ಲವೇ ದೂರದ ನಂಟರ ಮನೆಗಳಿಗೆ ಹೋದರು. ದಕ್ಷಿಣದಲ್ಲಿ ಶಾಲೆಗಳು ಒಂದಾದಂತೆಲ್ಲ ಕಪ್ಪು ಮಕ್ಕಳ ಶಾಲೆಗಳನ್ನು ಮುಚ್ಚಿ ಸಾವಿರಾರು ಕಪ್ಪು ಉಪಾಧ್ಯಾಯರನ್ನು ಮನೆಗೆ ಕಳುಹಿಸಿದರು. ಇದನ್ನು ಗೆದ್ದವರು ಮುಂಗಂಡಿರಲಿಲ್ಲ.

ಮಾರ್ಷಲ್ ವಕೀಲರಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ 32 ಮೊಕದ್ದಮೆಗಳನ್ನು ವಾದಿಸಿ 29ರಲ್ಲಿ ಗೆದ್ದರು. 1967ರಲ್ಲಿ ಅದೇ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಾಧೀಶರಾಗಿ 1991ರವರೆಗೆ ಕುಳಿತು, 1993ರ ಜನವರಿಯಲ್ಲಿ ನಿಧನ ಹೊಂದಿದರು. ಅದೇ ವರ್ಷ ಸಾಹಿತ್ಯದ ನೊಬೆಲ್ ಬಹುಮಾನ ಪಡೆದ ಟೋನಿ ಮಾರಿಸನ್ 1953ರ ಹೋವರ್ಡ್ ಪದವೀಧರೆ. ನೀಲಿ ಕಣ್ಣು ಬೇಕೆಂದು ಹಂಬಲಿಸುವ ಕಪ್ಪು ಹುಡುಗಿಯ ಕಥೆಯನ್ನು ಅವರು ಮೊದಲು ಬರೆಯತೊಡಗಿದ್ದು ಹೋವರ್ಡಿನಲ್ಲಿ ಪಾಠ ಹೇಳುತ್ತಿದ್ದಾಗ. 1986ರ ಪದವೀಧರೆ ಕಮಲಾ ಹ್ಯಾರಿಸ್ ಅವರ ತಾಯಿ ಮದರಾಸಿನಿಂದ ಹೋದ ಶ್ಯಾಮಲಾ ಗೋಪಾಲನ್ ಎಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. 2021ರಲ್ಲಿ ಅವರು ಉಪಾಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸುವಾಗ ಮುಟ್ಟಿದ ಎರಡು ಬೈಬಲ್ಲುಗಳಲ್ಲಿ ಒಂದು ಮಾರ್ಷಲರದು. 2024ರ ಅಧ್ಯಕ್ಷ ಚುನಾವಣೆಯಲ್ಲಿ ಸೋತಾಗ ಆ ಸೋಲನ್ನು ಒಪ್ಪಿ ಭಾಷಣ ಮಾಡಿದ್ದೂ ಹೋವರ್ಡಿನ ಅಂಗಳದಲ್ಲಿಯೇ.

ಇವರೆಲ್ಲರಿಗಿಂತ ನಮ್ಮ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಪಾಲಿ ಮರ್ರಿ ಎಂಬಾಕೆಯ ಬಳಿ. 1910ರಲ್ಲಿ ಜನನ. ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾನಿಲಯ ಬಣ್ಣದ ಕಾರಣದಿಂದ 1938ರಲ್ಲಿ ಈಕೆಯನ್ನು ನಿರಾಕರಿಸಿತು. 1941ರಲ್ಲಿ ಹೋವರ್ಡ್ ಕಾನೂನು ಶಾಲೆ ಸೇರಿದರೆ, ತರಗತಿಯಲ್ಲಿ ಈಕೆಯೊಬ್ಬಳೇ ಹೆಣ್ಣು. ಮೊದಲ ದಿನವೇ ಪ್ರಾಧ್ಯಾಪಕರೊಬ್ಬರು ಹೆಂಗಸರು ಕಾನೂನು ಓದಲು ಬರುವುದೇಕೋ ತಿಳಿಯದು ಎಂದರು, ಹುಡುಗರೆಲ್ಲ ನಕ್ಕರು. ತುಳಿತಕ್ಕೆ ಸಿಕ್ಕವರ ಮನೆಯಲ್ಲಿಯೂ ತುಳಿಯುವ ಕಾಲಿರುತ್ತದೆ. ತರಗತಿಗೆ ಮೊದಲಿಗಳಾಗುವೆನೆಂದು ಆಕೆ ಅಂದೇ ನಿಶ್ಚಯಿಸಿ, ಹಾಗೆಯೇ ಆದರು.

ಗಾಂಧೀಜಿಯವರ ಸತ್ಯಾಗ್ರಹವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದ ಮರ್ರಿಯವರ ಮಾರ್ಗದರ್ಶನದಲ್ಲಿ ಹೋವರ್ಡಿನ ವಿದ್ಯಾರ್ಥಿಗಳು, ಹೆಚ್ಚಿನವರು ಹುಡುಗಿಯರು, 1943ರ ಏಪ್ರಿಲಿನಲ್ಲಿ ಶಾಲೆಯ ಹತ್ತಿರದ ಲಿಟಲ್ ಪ್ಯಾಲೆಸ್ ಎಂಬ ಉಪಾಹಾರ ಗೃಹಕ್ಕೆ ಮೂರು ಮೂರು ಜನರಾಗಿ ಹೋದರು. ತಿಂಡಿ ಕೊಡುವುದಿಲ್ಲವೆಂದಾಗ ಖಾಲಿ ತಟ್ಟೆ ಮುಂದಿಟ್ಟುಕೊಂಡು ಪುಸ್ತಕ ತೆರೆದು ಓದುತ್ತ ಕುಳಿತರು. ಮಾಲಿಕ ಅಂದು ಅಂಗಡಿ ಮುಚ್ಚಿದ. ಕೆಲವೇ ದಿನಗಳಲ್ಲಿ ಸೋತು ಎಲ್ಲರಿಗೂ ಬಾಗಿಲು ತೆರೆದ. 1944ರಲ್ಲಿ ಇನ್ನೊಂದು ಕಡೆ ಇದನ್ನೇ ಮಾಡಿ ಗೆಲ್ಲುವಷ್ಟರಲ್ಲಿ ವಿಶ್ವವಿದ್ಯಾನಿಲಯದ ಆಡಳಿತವೇ ಸಾಕು ನಿಲ್ಲಿಸಿ ಎಂದಿತು. ವರ್ಷಾಶನ ಬರುವುದು ಸಂಸತ್ತಿನಿಂದ. ಸಂಸತ್ತಿನಲ್ಲಿ ದಕ್ಷಿಣದವರ ಮಾತು ನಡೆಯುತ್ತದೆ. ವಿದ್ಯಾರ್ಥಿಗಳು ಅಸಮಾಧಾನದಿಂದಲೇ ನಿಲ್ಲಿಸಿದರು. ಅಧ್ಯಕ್ಷ ಜಾನ್ಸನ್ನರನ್ನು ನಾವು ಪೂರ್ತಿ ದೂರಲಾರೆವು; ಇದೇ ಜಾನ್ಸನ್ 1949ರಲ್ಲಿ ಭಾರತಕ್ಕೆ ಬಂದು ಹೋಗಿ, ಗಾಂಧೀಜಿಯ ವಿಷಯ ಫಿಲಡೆಲ್ಫಿಯಾದಲ್ಲಿ ಮಾಡಿದ ಭಾಷಣವನ್ನು ಕೇಳಿದ ಮಾರ್ಟಿನ್ ಲೂಥರ್ ಕಿಂಗ್ ಎಂಬ ತರುಣ ನೇರವಾಗಿ ಪುಸ್ತಕದಂಗಡಿಗೆ ಹೋಗಿ ಗಾಂಧೀಜಿಯ ಮೇಲಿನ ಪುಸ್ತಕಗಳನ್ನು ಕೊಂಡನು.

ಕೊನೆಯ ವರ್ಷದ ತರಗತಿಯಲ್ಲಿ ಮರ್ರಿ ಒಂದು ವಾದ ಮುಂದಿಟ್ಟರು. ಸಮಾನ ಮಾಡಿ ಎಂದು ಕೇಳುತ್ತ ಕೂರುವುದೇಕೆ? ಬೇರೆ ಎಂಬುದೇ ಮನುಷ್ಯನ ಮೇಲೆ ಅಪಚಾರ. ಅದನ್ನೇ ನೇರವಾಗಿ ಹೊಡೆಯಬೇಕು. ತರಗತಿ ಮತ್ತೆ ನಕ್ಕಿತು. ಪ್ಲೆಸ್ಸಿ ತೀರ್ಪು 25 ವರ್ಷಗಳೊಳಗೆ ಬೀಳುತ್ತದೆಂದು ಆಕೆ ಪ್ರಾಧ್ಯಾಪಕರೊಡನೆ 10 ಡಾಲರ್ ಪಣ ಕಟ್ಟಿ, ತನ್ನ ವಾದವನ್ನು ಪ್ರಬಂಧವಾಗಿ ಬರೆದು ಕೊಟ್ಟರು. ಆ ಪ್ರಾಧ್ಯಾಪಕರೇ ಸ್ಪಾಟ್ಸ್‌ವುಡ್ ರಾಬಿನ್ಸನ್. ಅದೇ 1944ರಲ್ಲಿ ಹಾರ್ವರ್ಡ್ ಕಾನೂನು ಶಾಲೆ, ಹೆಂಗಸೆಂಬ ಕಾರಣಕ್ಕೆ, ಮರ್ರಿಯವರಿಗೆ ಪ್ರವೇಶ ನಿರಾಕರಿಸಿತು. ಆಕೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಓದಿದರು. 1951ರಲ್ಲಿ ಎಲ್ಲ ಸಂಸ್ಥಾನಗಳ ವರ್ಣಭೇದದ ಕಾನೂನುಗಳನ್ನು ಸಂಗ್ರಹಿಸಿ ಒಂದು ದಪ್ಪ ಗ್ರಂಥ ಪ್ರಕಟಿಸಿದರು. ಅದು ಮಾರ್ಷಲರ ಕಚೇರಿಯಲ್ಲಿ ಸದಾ ಕೈಗೆಟಕುವ ಪುಸ್ತಕವಾಯಿತು. 1953ರಲ್ಲಿ ಅಂತಿಮ ವಾದಕ್ಕೆ ತಯಾರಿ ನಡೆದಾಗ ರಾಬಿನ್ಸನ್ ಹಳೆಯ ಕಾಗದಗಳೊಳಗಿಂದ ಆ ವಿದ್ಯಾರ್ಥಿನಿಯ ಪ್ರಬಂಧವನ್ನು ಹುಡುಕಿ ತೆಗೆದರು. ಮಾರ್ಷಲರೂ ಸಂಗಡಿಗರೂ ಅದನ್ನು ಓದಿ ಬಳಸಿಕೊಂಡರು. ಬರೆದವಳಿಗೆ ಯಾರೂ ತಿಳಿಸಲಿಲ್ಲ. 1963ರಲ್ಲಿ ಹೋವರ್ಡಿಗೆ ಹೋದಾಗ ರಾಬಿನ್ಸನ್ನರ ಬಾಯಿಂದಲೇ ಆಕೆಗೆ ಸಂಗತಿ ಗೊತ್ತಾಯಿತು. 25 ವರ್ಷವೆಂದು ಕಟ್ಟಿದ ಪಣ ಹತ್ತೇ ವರ್ಷದಲ್ಲಿ ಗೆದ್ದಿತ್ತು.

ಮರ್ರಿ 1985ರಲ್ಲಿ ತೀರಿಕೊಂಡರು. 2024ರಲ್ಲಿ ಅಮೇರಿಕದ ಟಂಕಸಾಲೆ ಹೊರಡಿಸಿದ ಕಾಲು ಡಾಲರ್ ನಾಣ್ಯದ ಮೇಲೆ, ಭರವಸೆ ಎಂಬರ್ಥದ ಇಂಗ್ಲಿಷ್ ಅಕ್ಷರಗಳ ನಡುವೆ, ಕನ್ನಡಕ ತೊಟ್ಟ ಆಕೆಯ ಮುಖವಿದೆ.